ಅಂಗೈ ಅಕ್ರೋಟು: ಏಳು ವರ್ಷ ಉರುಳಿಸಿದ ಮೇಲೆ

ವಸ್ತು: ‘ಸಿಂಹದ ತಲೆ’ ಜಾತಿಯ ಅಕ್ರೋಟು, ಒಂದು ಜೊತೆ, ಅಗಲ 41 ಮಿ.ಮೀ. ಕೊಂಡದ್ದು 2017ರ ಅಕ್ಟೋಬರಿನಲ್ಲಿ, ಬೀಜಿಂಗಿನ ಶಿಲಿಹೆ ಮಾರುಕಟ್ಟೆಯಲ್ಲಿ. ಬೆಲೆ 280 ಯುವಾನ್, ಆಗಿನ ಲೆಕ್ಕದಲ್ಲಿ ಹೆಚ್ಚುಕಡಿಮೆ ಎರಡೂ ಮುಕ್ಕಾಲು ಸಾವಿರ ರೂಪಾಯಿ.

ಇದು ತಿನ್ನುವುದಕ್ಕಲ್ಲ. ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮೈಸೂರಿಗೆ ತಂದ ದಿನವೇ ನಮ್ಮಮ್ಮ ಒಂದನ್ನು ಒರಳಿನಲ್ಲಿಟ್ಟು ಗುಂಡುಕಲ್ಲು ಎತ್ತಿಬಿಟ್ಟಿದ್ದರು. ನಮ್ಮ ಅಂಗಡಿಗಳಲ್ಲಿ ಸಿಗುವ ಅಕ್ರೋಟಿಗೆ ಇದು ದೂರದ ನಂಟು, ಅಷ್ಟೆ. ಬೀಜಿಂಗ್ ಸುತ್ತಲಿನ ಬೆಟ್ಟಗಳಲ್ಲೂ ಹೆಬೈ ಪ್ರಾಂತ್ಯದಲ್ಲೂ ಬೆಳೆಯುವ ಮರ. ಚಿಪ್ಪು ಕಲ್ಲಿನಂತೆ ದಪ್ಪ, ತಿರುಳು ನಾಮಕಾವಸ್ಥೆ, ಮೈತುಂಬ ಆಳವಾದ ಸುಕ್ಕು. ಎರಡನ್ನೂ ಒಂದೇ ಅಂಗೈಯಲ್ಲಿ ಹಿಡಿದು ಬೆರಳಿನಿಂದ ಸುತ್ತಿಸುತ್ತಾ ಇರುವುದೇ ಇದರ ಉಪಯೋಗ.

ಯೋಗ ಹೇಳಿಕೊಡಲು ಬೀಜಿಂಗಿಗೆ ಹೋದವನು ನಾನು. ಅಪಾರ್ಟ್‌ಮೆಂಟಿನ ಕೆಳಗೆ ಕಲ್ಲುಬೆಂಚಿನ ಮೇಲೆ ದಿನಾ ಒಬ್ಬ ತಾತ ಕೂತಿರುತ್ತಿದ್ದರು. ಅವರ ಕೈಯಲ್ಲಿದ್ದ ಜೊತೆ ಹಳೇ ಬೀಟೆಮರದಂತೆ ಕೆಂಪು, ಎಣ್ಣೆ ಹಚ್ಚಿದ ಹಾಗೆ ಹೊಳಪು. ನೋಡೋಣ ಅಂತ ಕೈ ಚಾಚಿದೆ. ತಾತ ಕೊಡಲಿಲ್ಲ. ಬೆಂಚಿನ ಮೇಲೆ ಇಟ್ಟು, ಎತ್ತಿಕೋ ಅನ್ನುವ ಹಾಗೆ ಗದ್ದ ಆಡಿಸಿದರು. ಇಂಥ ವಸ್ತುವನ್ನು ಅಲ್ಲಿ ಕೈಯಿಂದ ಕೈಗೆ ದಾಟಿಸುವುದಿಲ್ಲ. ನಡುವೆ ಬಿದ್ದು ಒಡೆದರೆ ತಪ್ಪು ಯಾರದು ಅನ್ನುವ ಜಗಳವೇ ಬೇಡ ಅಂತ. ನಮ್ಮಲ್ಲಿ ಉಪ್ಪನ್ನು ಕೈಗೆ ಕೊಡಬಾರದು ಅಂತಾರಲ್ಲ, ಅದು ನೆನಪಾಯಿತು. ಅದಕ್ಕಿಂತ ಇದಕ್ಕೆ ಕಾರಣ ಗಟ್ಟಿ.

ಮಿಂಗ್ ಕಾಲದ ಚಕ್ರವರ್ತಿಯೊಬ್ಬ ಇದರ ಹುಚ್ಚಿಗೆ ರಾಜ್ಯವನ್ನೇ ಮರೆತ ಅನ್ನುವ ಕಥೆ ಎಲ್ಲ ಅಂಗಡಿಯವರ ಬಾಯಲ್ಲೂ ಇದೆ. ಆ ಕಥೆಗೆ ಕಾಸು ಕೊಡಬೇಡಿ. ಆದರೆ ಚಿಂಗ್ ರಾಜವಂಶದ ಹೊತ್ತಿಗೆ, ಅಂದರೆ 1644ರಿಂದ 1912ರವರೆಗಿನ ಅವಧಿಯಲ್ಲಿ, ಬೀಜಿಂಗಿನ ಸಿರಿವಂತರಿಗೆ ಇದು ಭೂಷಣವಾಗಿತ್ತು. ಚಿಂಗ್ ಅರಸರ ಕುಲವಾದ ಮಂಚು ರಾಜಕುಮಾರನ ಮೂರು ಸಂಪತ್ತು ಹೆಬ್ಬೆರಳ ಉಂಗುರ, ಅಕ್ರೋಟು, ಪಂಜರದ ಹಕ್ಕಿ ಅಂತ ಅಲ್ಲಿ ಗಾದೆಯೇ ಇದೆ.

ಕೊಳ್ಳುವಾಗ ತಲೆ ಕೆಡುವುದು ಜೊತೆ ಹೊಂದಿಸುವುದರಲ್ಲಿ. ಸಿಂಹದ ತಲೆ ಗಿಡ್ಡ, ದುಂಡು, ಅಗಲ ತಳ. ‘ಅಧಿಕಾರಿ ಟೋಪಿ’ಗೆ ಪಕ್ಕದ ಏಣು ರೆಕ್ಕೆಯಂತೆ ಚಾಚಿರುತ್ತದೆ. ‘ಕೋಳಿ ಹೃದಯ’ ಚೂಪು, ನನ್ನ ಕೈಗೆ ಹಿಡಿಸಲಿಲ್ಲ. ಎತ್ತರ, ಅಗಲ, ಸುಕ್ಕಿನ ಓಟ, ತಳದಲ್ಲಿ ತೊಟ್ಟು ಇದ್ದ ಕಡೆಯ ಹೊಕ್ಕುಳಿನ ಆಕಾರ ಎಲ್ಲ ಒಂದಕ್ಕೊಂದು ಕೂಡಿ ಬರಬೇಕು. ಅಂಗಡಿಯವರು ವರ್ನಿಯರ್ ಕ್ಯಾಲಿಪರ್ ಹಿಡಿದೇ ಕೂತಿರುತ್ತಾರೆ. ಮಿಲಿಮೀಟರು ಏರಿದಂತೆ ಬೆಲೆಯೂ ಹಾರುತ್ತದೆ. ಕಾಯಿ ಅಗಲವಾಗಲಿ ಅಂತ ಮರದಲ್ಲಿರುವಾಗಲೇ ಅದಕ್ಕೆ ಪಟ್ಟಿ ಬಿಗಿಯುವ ಬೆಳೆಗಾರರೂ ಇದ್ದಾರೆ. ಇನ್ನು ಸೆಪ್ಟೆಂಬರಿನಲ್ಲಿ ಹಸಿರು ಸಿಪ್ಪೆಯ ಸಮೇತ ಮಾರುತ್ತಾರೆ. ದುಡ್ಡು ಕೊಟ್ಟ ಮೇಲೆಯೇ ಸಿಪ್ಪೆ ಬಿಡಿಸುವುದು. ಜೂಜೇ. ನಾನೂ 200 ಯುವಾನ್ ಹಾಕಿದೆ. ಒಂದು ಸಿಂಹದ ತಲೆ ಬಂತು, ಇನ್ನೊಂದು ಸೊಟ್ಟ ಬದನೆಕಾಯಿ.

ಮೊದಲ ಆರು ತಿಂಗಳು ಶಿಕ್ಷೆ. ಹೊಸದರ ಏಣುಗಳು ಅಂಗೈಗೆ ಚುಚ್ಚುತ್ತವೆ. ದಿನಾ ಹಂದಿಕೂದಲಿನ ಬ್ರಷ್ಷಿನಿಂದ ಸುಕ್ಕಿನ ಧೂಳು ಉಜ್ಜಬೇಕು, ಇಲ್ಲದಿದ್ದರೆ ಬೆವರಿನ ಜೊತೆ ಸೇರಿ ಕಪ್ಪು ಕಿಟ್ಟ ಕೂರುತ್ತದೆ. ಬಣ್ಣ ಬಿಳಿ ಹಳದಿಯಿಂದ ಅರಿಸಿನಕ್ಕೆ ಬರಲು ಎಂಟು ತಿಂಗಳು ಹಿಡಿಯಿತು. ಜೇನುಬಣ್ಣಕ್ಕೆ ಎರಡು ವರ್ಷ. ಈಗ ಕೆಂಪು ಕಂದು, ಆದರೆ ತಾತನ ಜೊತೆಯ ಮುಂದೆ ಇನ್ನೂ ಕೂಸು. ನನ್ನದು ಬೆವರುವ ಕೈ. ಬೆವರುಗೈಗೆ ಬಣ್ಣ ಬೇಗ, ಎಣ್ಣೆಗೈಗೆ ಹೊಳಪು ಬೇಗ ಅನ್ನುತ್ತಾರೆ. ನನ್ನ ವಿಷಯದಲ್ಲಿ ನಿಜ. ಸದ್ದೂ ಬದಲಾಯಿತು: ಮೊದಲು ಒಣಕಟ್ಟಿಗೆ, ಈಗ ನದಿಯ ಬೆಣಚುಕಲ್ಲು.

ದೊಡ್ಡ ಪೆಟ್ಟು ಬಿದ್ದದ್ದು ಮೊದಲ ಚಳಿಗಾಲದಲ್ಲಿ. ಬೀಜಿಂಗಿನಲ್ಲಿ ನವೆಂಬರ್ 15ಕ್ಕೆ ಹೀಟರ್ ಶುರುವಾಯಿತೆಂದರೆ ಮಾರ್ಚ್ 15ರ ತನಕ ಮನೆಯೊಳಗಿನ ಗಾಳಿ ಹಪ್ಪಳ. ಜನವರಿಯ ಒಂದು ಬೆಳಗ್ಗೆ ನೋಡಿದರೆ ಎಡಗಡೆಯದರ ಹೊಕ್ಕುಳಿನಿಂದ ಕೂದಲೆಳೆಯಷ್ಟು ಬಿರುಕು. ತಾತ ನಕ್ಕು ‘502’ ಅಂದರು. ಅದು ಅಲ್ಲಿಯ ಫೆವಿಕ್ವಿಕ್. ಒಂದು ಹನಿಯಲ್ಲಿ ಬಿರುಕು ನಿಂತಿತು, ಗೆರೆ ಇವತ್ತಿಗೂ ಕಾಣುತ್ತದೆ. ಆಮೇಲೆ ರಾತ್ರಿ ಜಿಪ್ ಚೀಲದಲ್ಲಿ ಹಾಕಿಡುವ ಅಭ್ಯಾಸವಾಯಿತು. ಮೈಸೂರಿಗೆ ಬಂದ ಮೇಲೆ ಅದೇ ಚೀಲ ಶತ್ರುವಾಯಿತು. ಜುಲೈ ಮಳೆಯಲ್ಲಿ ಎರಡು ವಾರ ಮರೆತದ್ದಕ್ಕೆ ಸುಕ್ಕಿನಲ್ಲೆಲ್ಲ ಬೂಷ್ಟು.

ರಕ್ತಸಂಚಾರ, ನರಗಳಿಗೆ ಒಳ್ಳೆಯದು ಅಂತೆಲ್ಲ ಹೇಳಿ ಮಾರುತ್ತಾರೆ. ಔಷಧಿ ಅಂತ ಕೊಳ್ಳಬೇಡಿ. ನನಗೆ ಆದ ಲಾಭ ಒಂದೇ: ಬಲಗೈಯಲ್ಲಿ ಅಕ್ರೋಟು ಇರುವಷ್ಟು ಹೊತ್ತು ಫೋನು ಇರುವುದಿಲ್ಲ. ಬಾವೊಡಿಂಗ್ ಊರಿನ ಕಬ್ಬಿಣದ ಗುಂಡುಗಳನ್ನೂ ಒಂದು ವರ್ಷ ಆಡಿಸಿ ನೋಡಿದೆ. ಒಳಗೆ ಕಿಣಿಕಿಣಿ ಸದ್ದೇನೋ ಚೆನ್ನ, ಆದರೆ ತಣ್ಣಗೆ, ಭಾರ, ಮತ್ತು ಮೊದಲ ದಿನ ಹೇಗಿತ್ತೋ ಕೊನೆಯ ದಿನವೂ ಹಾಗೇ. ಅಕ್ರೋಟು ಹಾಗಲ್ಲ, ನನ್ನ ಬೆವರನ್ನು ಕುಡಿದಿದೆ.

ಬೆಲೆಯ ಬಗ್ಗೆ ಒಂದು ಮಾತು. 2010ರ ಆಸುಪಾಸಿನಲ್ಲಿ ಒಳ್ಳೆ ಜೊತೆಗಳು ಹತ್ತಾರು ಸಾವಿರ ಯುವಾನಿಗೆ ಹೋಗುತ್ತಿದ್ದವು. ಹೆಬೈನ ಲೈಶುಯಿ ಕಡೆ ರೈತರೆಲ್ಲ ಕಸಿ ಕಟ್ಟಿದರು, ಮಾಲು ಸುರಿಯಿತು, ಬೆಲೆ ಬಿತ್ತು. ನಮ್ಮ ವೆನಿಲ್ಲಾ ಬೆಳೆಗಾರರಿಗೆ ಈ ಕಥೆ ಹೇಳಬೇಕಾಗಿಲ್ಲ. ಹಾಗಾಗಿ ಹೂಡಿಕೆ ಅಂತ ಯಾರಾದರೂ ಅಂದರೆ ಎದ್ದು ಬನ್ನಿ. ಆಗಲೇ ಕೆಂಪಗಿರುವ ಹೊಸ ಜೊತೆಯನ್ನೂ ಮುಟ್ಟಬೇಡಿ. ಆನ್‌ಲೈನಿನಲ್ಲಿ ತರಿಸಿದ ಅಂಥದೊಂದು ಒದ್ದೆ ಬಟ್ಟೆಯಲ್ಲಿ ಒರೆಸಿದ್ದೇ ತಡ, ಬಟ್ಟೆಯೇ ಕೆಂಪಾಯಿತು.

ಐದಕ್ಕೆ ನಾಲ್ಕು ನಕ್ಷತ್ರ. ಒಂದು ಕಡಿತ ಕಟಕಟ ಸದ್ದಿಗೆ. ತಾಗಿಸದೆ ಉರುಳಿಸುವ ಮೆತ್ತನೆಯ ಪದ್ಧತಿಯೂ ಇದೆ, ಆದರೆ ಟೀವಿ ನೋಡುತ್ತಾ ಕೂತಾಗ ಕೈ ಮರೆಯುತ್ತದೆ. ನಮ್ಮ ಮನೆಯವಳನ್ನು ಕೇಳಿದರೆ ಇನ್ನೂ ಎರಡು ನಕ್ಷತ್ರ ಕಡಿಯುತ್ತಾಳೆ.