ಪಕ್ಷದ ನಾಯಕನನ್ನು ನೋಡಿ ಮತವೋ, ಅಭ್ಯರ್ಥಿಯನ್ನು ನೋಡಿಯೋ?

ಲೋಕಸಭಾ ಚುನಾವಣೆ ಹತ್ತಿರವಾದರೆ ತುಮಕೂರಿನ ಹೋಟೆಲುಗಳಲ್ಲಿ ತಟ್ಟೆ ಇಡ್ಲಿ ಆರಿಹೋಗುವವರೆಗೂ ನಡೆಯುವ ವಾದ ಇದೇ.

ನಾಯಕನನ್ನು ನೋಡುವವರ ಮಾತಿನಲ್ಲಿ ಬಲವಿದೆ. 543 ಸ್ಥಾನಗಳಲ್ಲಿ 272 ದೊರೆತ ಪಕ್ಷ ಸರ್ಕಾರ ರಚಿಸುತ್ತದೆ. 1985ರ ಪಕ್ಷಾಂತರ ನಿಷೇಧ ಕಾಯ್ದೆಯ ನಂತರ ಸಂಸದರು ಪಕ್ಷದ ವಿಪ್ (ಸದನದಲ್ಲಿ ಹೀಗೆಯೇ ಮತ ಹಾಕಬೇಕೆಂಬ ಆದೇಶ) ಮೀರಿ ಮತ ಹಾಕಿದರೆ ಸದಸ್ಯತ್ವವನ್ನೇ ಕಳೆದುಕೊಳ್ಳಬಹುದು. ಆದರೆ ಪೂರ್ವಗ್ರಹ ಬೇಗ ಅಂಟಿಕೊಳ್ಳುವುದೂ ಈ ಅಳತೆಗೋಲಿಗೇ. ದೂರದಿಂದ ಕಂಡ ವ್ಯಕ್ತಿಯ ಬಗ್ಗೆ ತಿಳಿಯದೆ ಉಳಿದದ್ದನ್ನು ನಾವು ಜಾತಿ, ಧರ್ಮ, ಮನೆತನ, ಭಾಷೆಗಳಿಂದ ತುಂಬಿಕೊಳ್ಳುತ್ತೇವೆ. ‘ಹಿಂದಿ ಸರಾಗವಾಗಿ ಬಾರದವರು ದೇಶ ಆಳುವುದುಂಟೇ’ ಎಂದು ಪಕ್ಕದ ಮೇಜಿನ ಹಿರಿಯರೊಬ್ಬರು ಕೇಳಿದಾಗ ನನಗೆ ನಿಜವಾಗಿಯೂ ನೋವಾಯಿತು. 1996ರ ಜೂನ್‌ನಲ್ಲಿ ಪ್ರಧಾನಿಯಾದ ಎಚ್.ಡಿ. ದೇವೇಗೌಡರು ನಮ್ಮ ನೆರೆಯ ಹಾಸನ ಜಿಲ್ಲೆಯವರೇ ಅಲ್ಲವೇ?

ಅಭ್ಯರ್ಥಿಯನ್ನು ಅಳೆಯಲು ಕೈಗೆ ಸಿಗುವ ಆಧಾರಗಳಿವೆ. ನಾಮಪತ್ರದ ಜೊತೆ ಸಲ್ಲಿಸುವ ನಮೂನೆ 26ರ ಪ್ರಮಾಣಪತ್ರದಲ್ಲಿ ಆಸ್ತಿ, ಸಾಲ, ವಿದ್ಯಾರ್ಹತೆ ಮತ್ತು ಕ್ರಿಮಿನಲ್ ಪ್ರಕರಣಗಳ ವಿವರವಿರುತ್ತದೆ. ಚುನಾವಣಾ ಆಯೋಗದ ಜಾಲತಾಣದಲ್ಲಿ ಯಾರಾದರೂ ಅದನ್ನು ಓದಬಹುದು. ಇಲ್ಲಿಯೂ ಲಿಂಗಾಯತ–ಒಕ್ಕಲಿಗ ಲೆಕ್ಕಾಚಾರ ನುಸುಳುತ್ತದೆ, ನಿಜ. ಆದರೂ ಹೇಮಾವತಿ ನಾಲೆಯ ನೀರು ಕೊನೆಯ ಊರಿಗೆ ಬಂತೇ ಎಂಬ ಪ್ರಶ್ನೆಯ ಮುಂದೆ ಆ ಲೆಕ್ಕ ಬಹಳ ಹೊತ್ತು ನಿಲ್ಲುವುದಿಲ್ಲ. 2019ರಲ್ಲಿ ಮಾಜಿ ಪ್ರಧಾನಿ ದೇವೇಗೌಡರೇ ತುಮಕೂರಿನಲ್ಲಿ ಜಿ.ಎಸ್. ಬಸವರಾಜು ಅವರ ಎದುರು ಸೋತರೆಂದರೆ, ದೊಡ್ಡ ಹೆಸರೊಂದೇ ಇಲ್ಲಿ ಗೆಲ್ಲಿಸುವುದಿಲ್ಲ.

ಹಾಗಾಗಿ ನಾನು ಮೊದಲು ಪ್ರಮಾಣಪತ್ರ ಓದುತ್ತೇನೆ. ಇಬ್ಬರು ಸಮನಾಗಿ ಕಂಡರೆ ಮಾತ್ರ ನಾಯಕರ ಆಡಳಿತದ ದಾಖಲೆಯನ್ನು ಪಕ್ಕಪಕ್ಕದಲ್ಲಿಟ್ಟು ನೋಡುತ್ತೇನೆ.