ಮಾಡ್‌ಸೆಕ್ಯುರಿಟಿ, ಕೋರ್ ರೂಲ್ ಸೆಟ್: ಕನ್ನಡ ತಾಣ ನಡೆಸುವವನ ಅನುಭವ

ಬಾಡಿಗೆ ಸರ್ವರ್‌ನಲ್ಲಿ ಕಥೆ, ಕವನಗಳ ತಾಣ ನಡೆಸುತ್ತಿದ್ದೇನೆ. ಅಪಾಚೆ ವೆಬ್ ಸರ್ವರ್ ಜೊತೆ ದಾಳಿ ತಡೆಯುವ ಮಾಡ್‌ಸೆಕ್ಯುರಿಟಿ ತಂತ್ರಾಂಶ, ಅದರ ಮೇಲೆ ವೆಬ್ ಸುರಕ್ಷತೆಗೆ ದುಡಿಯುವ ಓವಾಸ್ಪ್ ಸಂಸ್ಥೆಯ ಕೋರ್ ರೂಲ್ ಸೆಟ್, ಅಂದರೆ ದಾಳಿ ಗುರುತಿಸುವ ನಿಯಮಗಳ ಕಟ್ಟು, ಹಾಕಿಕೊಂಡು ಕೆಲವು ವರ್ಷಗಳಾದವು. ಎರಡೂ ಉಚಿತ. ಸಣ್ಣ ತಾಣಕ್ಕೆ ಇದಕ್ಕಿಂತ ಒಳ್ಳೆಯ ಕಾವಲು ನನಗಂತೂ ಸಿಕ್ಕಿಲ್ಲ.

ಇದು ತಾಣಕ್ಕೆ ಬರುವ ಪ್ರತಿ ರಿಕ್ವೆಸ್ಟನ್ನೂ ಜಾಲಾಡಿ, ಅನುಮಾನ ಬಂದಲ್ಲಿ ಅಂಕ ಹಾಕುತ್ತದೆ. ಡೀಫಾಲ್ಟ್ ಸೆಟ್ಟಿಂಗ್‌ನಲ್ಲಿ ಅಂಕ 5 ಮುಟ್ಟಿದರೆ 403, ಅಂದರೆ ಪ್ರವೇಶವಿಲ್ಲ. ಹುಡುಕು ಪೆಟ್ಟಿಗೆಯಲ್ಲಿ ಯಾರಾದರೂ ಸ್ಕ್ರಿಪ್ಟ್ ಟ್ಯಾಗ್ (ಪುಟದಲ್ಲಿ ಕೋಡ್ ಓಡಿಸುವ ಗುರುತು) ತುರುಕಿದರೆ ಲಾಗ್‌ನಲ್ಲಿ 941100 ಕಾಣುತ್ತದೆ, ಅದರ ಬೆನ್ನಿಗೇ 949110. ಮೊದಲನೆಯದು ಕಳ್ಳನನ್ನು ಗುರುತಿಸಿದ ನಿಯಮ, ಎರಡನೆಯದು ಬಾಗಿಲು ಹಾಕಿದ್ದು.

ಕನ್ನಡದವರು ಗಮನಿಸಬೇಕಾದದ್ದು ಪ್ಯಾರನೋಯಾ ಲೆವೆಲ್, ಅಂದರೆ ತಪಾಸಣೆ ಎಷ್ಟು ಬಿಗಿ ಎಂಬ ಮಟ್ಟ. 1ರಿಂದ 4ರವರೆಗೆ ಇದೆ. ನಾನು 1ರಲ್ಲೇ ಇಟ್ಟಿದ್ದೇನೆ. 3ಕ್ಕೆ ಏರಿಸಿದರೆ 920272 ಎಂಬ ನಿಯಮ ಎಚ್ಚರಗೊಳ್ಳುತ್ತದೆ. ಇಂಗ್ಲಿಷ್ ಅಕ್ಷರ, ಅಂಕಿ, ಚಿಹ್ನೆಗಳ ಆಸ್ಕಿ ಪಟ್ಟಿಯಲ್ಲಿ 127ರ ಒಳಗಿನ ಅಕ್ಷರ ಬಿಟ್ಟು ಬೇರೇನು ಬಂದರೂ ಅದಕ್ಕೆ ಅನುಮಾನ. ‘ಕ’ ಅಕ್ಷರ ಯುಟಿಎಫ್-8 ಎಂಬ ಅಕ್ಷರ ಸಂಕೇತದಲ್ಲಿ 224, 178, 149 ಎಂಬ ಮೂರು ಬೈಟ್, ಮೂರೂ ಗಡಿಯಾಚೆ. ಅಂದರೆ ಕನ್ನಡದಲ್ಲಿ ಬರೆದದ್ದೇ ತಪ್ಪು! 3 ಬೇಕೇ ಬೇಕು ಎನ್ನುವವರು ಮೊದಲು ಈ ನಿಯಮ ತೆಗೆಯಿರಿ.

ತೆಗೆಯುವಾಗಲೂ ಅಳತೆ ಇರಲಿ. ನಾನು ಹಿಂದೆ ಇದ್ದ ಹೋಸ್ಟಿಂಗ್ ಕಂಪನಿಯವರು ಒಂದು ಫಾರ್ಮ್ ತಡೆಯಾಯಿತು ಎಂದು ದೂರಿದರೆ ಇಡೀ ಮಾಡ್‌ಸೆಕ್ಯುರಿಟಿಯನ್ನೇ ಆಫ್ ಮಾಡಿಬಿಡುತ್ತಿದ್ದರು. ನನಗೆ ಈಗಲೂ ಸಿಟ್ಟು ಬರುತ್ತದೆ. ಒಂದೇ ನಿಯಮವನ್ನು, ಒಂದೇ ಪುಟದ ಒಂದೇ ಫೀಲ್ಡಿಗೆ ಮಾತ್ರ ಸಡಿಲಿಸುವ ದಾರಿ ಇದೆ. ಹೊಸಬರು ಶುರುವಿನಲ್ಲಿ, ತಡೆಯದೆ ಬರೀ ದಾಖಲಿಸುವ ಡಿಟೆಕ್ಷನ್‌ಓನ್ಲಿ ಮೋಡ್‌ನಲ್ಲಿಟ್ಟು ಲಾಗ್ ಓದಿ, ಆಮೇಲೆ ತಡೆಯಲು ಬಿಡಿ.

ಆದರೆ ಇದರ ಕಣ್ಣು ವೆಬ್ ಬಾಗಿಲ ಮೇಲೆ ಮಾತ್ರ. 2022ರ ಜನವರಿಯಲ್ಲಿ ಬಯಲಾದ ಪ್ವನ್‌ಕಿಟ್ ನೆನಪಿರಬಹುದು. ಲಿನಕ್ಸ್‌ನಲ್ಲಿ ಬೇರೆ ಬಳಕೆದಾರನ ಹೆಸರಿನಲ್ಲಿ ಆಜ್ಞೆ ಓಡಿಸುವ ಪಿಕೆಎಕ್ಸೆಕ್‌ನಲ್ಲಿ 2009ರಿಂದಲೂ ಅಡಗಿದ್ದ ದೋಷ ಅದು. ಸರ್ವರ್‌ನಲ್ಲಿ ಸಾಧಾರಣ ಖಾತೆ ಇದ್ದವನೂ ರೂಟ್, ಅಂದರೆ ಸರ್ವರ್‌ನ ಪೂರ್ಣ ಒಡೆಯ, ಆಗಬಹುದಿತ್ತು. ಹೀಗೆ ಒಳಗಿನಿಂದ ನಡೆಯುವ ದಾಳಿ ಮಾಡ್‌ಸೆಕ್ಯುರಿಟಿಗೆ ಕಾಣುವುದೇ ಇಲ್ಲ. ಅಲ್ಲಿ ದೋಷ ಸರಿಪಡಿಸುವ ಪ್ಯಾಚ್ ಒಂದೇ ಗತಿ. ಮಾಡ್‌ಸೆಕ್ಯುರಿಟಿ ಹಾಕಿಕೊಂಡೆವಲ್ಲ ಎಂದು ಅಪ್‌ಡೇಟ್ ಮುಂದೂಡುವವರನ್ನು ಕಂಡರೆ ನನಗೆ ಭಯ.

2024ರಲ್ಲಿ ಟ್ರಸ್ಟ್‌ವೇವ್ ಕಂಪನಿಯ ಕೈಯಿಂದ ಮಾಡ್‌ಸೆಕ್ಯುರಿಟಿ ಯೋಜನೆಯೂ ಓವಾಸ್ಪ್‌ಗೆ ಬಂತು. ಮುಂದೇನೋ ಎಂಬ ಆತಂಕ ಆಗ ಇತ್ತು, ಈಗಿಲ್ಲ. ಇನ್ನೊಂದು ಮಾತು: ಆಡಿಟ್ ಲಾಗ್ ಬೇಗ ಊದಿಕೊಳ್ಳುತ್ತದೆ, ಹಳೆಯ ಲಾಗ್‌ಗಳನ್ನು ತಾನೇ ತೆಗೆಯುವ ಲಾಗ್‌ರೊಟೇಟ್ ಮೊದಲ ದಿನವೇ ಹಾಕಿಡಿ.