ಹರಾಜಲ್ಲಿ ಮೋರಿಸ್ ಮೈನರ್ ಟ್ರಾವೆಲರ್ ತಗೊಳೋಕೆ ಹೊರಟಿರೋರು ದಯವಿಟ್ಟು ಇದನ್ನ ಓದಿ

ಇಂಗ್ಲೆಂಡಲ್ಲಿರೋ ನಮ್ಮ ಕನ್ನಡದೋರಲ್ಲಿ ಹಳೇ ಕಾರಿನ ಆಸೆ ಇಟ್ಕೊಂಡಿರೋರು ಸುಮಾರು ಜನ ಇದೀರ, ಅದಕ್ಕೇ ಉದ್ದ ಆದ್ರೂ ಪರವಾಗಿಲ್ಲ ಅಂತ ಪೂರ್ತಿ ಬರೀತಿದೀನಿ. ಹೋದ ವರ್ಷ ನಾನು ಒಂದು 1967ರ ಮೋರಿಸ್ ಮೈನರ್ ಟ್ರಾವೆಲರ್‌ನ ಹರಾಜಲ್ಲಿ ಆನ್‌ಲೈನಲ್ಲೇ ಕೂಗಿ ತಗೊಂಡೆ. ದುಡ್ಡು ಹೋಗಿದ್ದು ಒಂದು ಕಡೆ ಇರ್ಲಿ, ಆ ಗಾಡೀಲಿ ಎಪ್ಪತ್ತು ದಾಟಿದ ಅಪ್ಪನ್ನ ಕೂರಿಸ್ಕೊಂಡು ರೋಡಿಗೆ ಇಳಿದಿದ್ದೆ, ಅದನ್ನ ನೆನೆಸ್ಕೊಂಡ್ರೆ ಇವತ್ತಿಗೂ ಕೈಕಾಲು ತಣ್ಣಗಾಗುತ್ತೆ.

ಯಾಕೆ ಇದೇ ಕಾರು ಅಂದ್ರೆ, ಅಪ್ಪ ಶಿವಮೊಗ್ಗದಲ್ಲಿ ಇಪ್ಪತ್ತು ವರ್ಷದ ಮೇಲೆ ಅಂಬಾಸಿಡರ್ ಟ್ಯಾಕ್ಸಿ ಓಡಿಸಿದೋರು. ಅಂಬಾಸಿಡರ್ ಅಂದ್ರೆ ಮೋರಿಸ್ ಆಕ್ಸ್‌ಫರ್ಡ್ ಸೀರೀಸ್ 3, ಅದನ್ನೇ ಹಿಂದೂಸ್ತಾನ್ ಮೋಟಾರ್ಸ್‌ನೋರು ಉತ್ತರಪಾಡಾದಲ್ಲಿ 2014ರ ತನಕ ಮಾಡ್ತಿದ್ರು. ಮೈನರ್ ಕೂಡ ಅದೇ ಮನೆತನದ್ದು, 1948ರಲ್ಲಿ ಲಂಡನ್ನಿನ ಅರ್ಲ್ಸ್ ಕೋರ್ಟ್ ಮೋಟಾರ್ ಶೋನಲ್ಲಿ ಬಂದಿದ್ದು, ಡಿಸೈನ್ ಮಾಡಿದ್ದು ಅಲೆಕ್ ಇಸಿಗೋನಿಸ್, ಆಮೇಲೆ ಮಿನಿ ಕಾರು ಮಾಡಿದೋರೂ ಅವರೇ. ಹದಿನಾರು ಲಕ್ಷ ಗಾಡಿ ಮಾಡಿದ್ರು, ಇಲ್ಲಿನ ಎಷ್ಟೋ ಸಂಸಾರಗಳಿಗೆ ಮೊದಲ ಕಾರು ಅಂದ್ರೆ ಅದೇ. ಅಪ್ಪ ವೀಸಾ ಮೇಲೆ ಮೂರು ತಿಂಗಳು ಬರೋರಿದ್ರು, ಅವರನ್ನ ಒಂದ್ಸಲ ಮೋರಿಸ್‌ನಲ್ಲಿ ಕೂರಿಸಿ ಕೌಲಿ ತನಕ, ಅಂದ್ರೆ ಆಕ್ಸ್‌ಫರ್ಡ್ ಪಕ್ಕ ಅದನ್ನ ಮಾಡ್ತಿದ್ದ ಜಾಗಕ್ಕೇ, ಕರ್ಕೊಂಡು ಹೋಗ್ಬೇಕು ಅನ್ನೋದು ನನ್ನ ಆಸೆ. ಈ ಆಸೇನೇ ಕಣ್ಣು ಕಟ್ಟಿಬಿಡ್ತು.

ಟ್ರಾವೆಲರ್ ಗೊತ್ತಿಲ್ದೋರಿಗೆ ಹೇಳ್ತೀನಿ, ಮೈನರ್‌ನಲ್ಲೇ 1953ರಲ್ಲಿ ಬಂದ ಎಸ್ಟೇಟ್ ಮಾಡೆಲ್ ಅದು, ಅಂದ್ರೆ ಹಿಂದೆ ಸಾಮಾನಿಗೆ ಉದ್ದ ಜಾಗ ಇರೋದು, ಹಿಂದಿನ ಅರ್ಧಕ್ಕೆ ಆ್ಯಶ್ ಮರದ ಚೌಕಟ್ಟು, ಮಧ್ಯೆ ಅಲ್ಯುಮಿನಿಯಂ ಶೀಟು, ಹಿಂದೆ ಎರಡು ಬಾಗಿಲು. ನೋಡೋಕೆ ನಮ್ಮ ಹಳೇ ಮನೆ ಕಿಟಕಿ ಇದ್ದ ಹಾಗೆ ಎಷ್ಟು ಚೆಂದ ಅಂತೀರ! ಆದ್ರೆ ಆ ಮರ ಅಲಂಕಾರಕ್ಕೆ ಇರೋದಲ್ಲ, ಹಿಂದಿನ ಪಕ್ಕದ ಗೋಡೆ, ಮೇಲಿನ ಚಾವಣಿ ಎಲ್ಲಾ ನಿಂತಿರೋದೇ ಅದರ ಮೇಲೆ. ಮರ ಕೊಳೆತ್ರೆ ಬಾಡೀನೇ ಸಡಿಲ ಆದಂಗೆ. ಇದು ನನಗೆ ದುಡ್ಡು ಕಟ್ಟಿದ ಮೇಲೆ ಗೊತ್ತಾಯ್ತು.

ಹರಾಜಿನೋರ ಹೆಸರು ಹೇಳೋಕೆ ಹೋಗಲ್ಲ. ಫೋಟೋ ನಲವತ್ತರ ಮೇಲಿತ್ತು, ಎಲ್ಲಾ ಬಿಸಿಲಲ್ಲಿ ತೆಗೆದಿದ್ದು, ಮರ ಜೇನುತುಪ್ಪದ ಬಣ್ಣಕ್ಕೆ ಹೊಳೀತಿತ್ತು. ಕೆಳಗಡೆಯಿಂದ ತೆಗೆದಿದ್ದು ಎರಡೇ ಎರಡು, ಎರಡರಲ್ಲೂ ತುಕ್ಕು ಹಿಡೀದಂಗೆ ತಳಕ್ಕೆ ಹಾಕೋ ಕಪ್ಪು ಅಂಡರ್‌ಸೀಲ್ ಬಳಿದಿದ್ದು ಬಿಟ್ರೆ ಇನ್ನೇನೂ ಕಾಣಲ್ಲ. ಒಂದು ವಿಡಿಯೋ ಹಾಕಿದ್ರು, ಕೀ ತಿರುಗಿಸಿದ ತಕ್ಷಣ ಪೆಟ್ರೋಲ್ ಪಂಪು ಟಕ ಟಕ ಟಕ ಅಂತ ಬಡ್ಕೊಂಡು ನಿಧಾನ ಆಗಿ ನಿಲ್ಲುತ್ತೆ, ಆಮೇಲೆ ಸೆಲ್ಫ್ ಹೊಡೆದ್ರೆ ಒಂದೇ ಸಲಕ್ಕೆ ಸ್ಟಾರ್ಟು. ಆ ಶಬ್ದ ನಾನು ಹತ್ತು ಸಲ ಕೇಳಿದೀನಿ. ವಿವರಣೇಲಿ ಏನು ಬರೆದಿದ್ರು ಅನ್ನೋದನ್ನ ಗಮನ ಇಟ್ಟು ನೋಡಿ: ಮರದ ಕೆಲಸ ಇತ್ತೀಚೆಗೆ ಮಾಡಿಸಿದ್ದು "ಅಂತ ಮಾರೋರು ತಿಳಿಸಿದಾರೆ", ಗಾಡಿ ಚೆನ್ನಾಗಿ ಓಡುತ್ತೆ "ಅಂತ ನಮ್ಮ ನಂಬಿಕೆ". ನಾವು ಪರೀಕ್ಷೆ ಮಾಡಿ ನೋಡಿದೀವಿ ಅಂತ ಒಂದೇ ಒಂದು ವಾಕ್ಯ ಇಲ್ಲ. ಕೊನೇಲಿ ದಪ್ಪ ಅಕ್ಷರದಲ್ಲಿ, ರೋಡ್ ಟ್ಯಾಕ್ಸ್ ಇಲ್ಲ, ಎಂಒಟಿ ಬೇಕಾಗಿಲ್ಲ.

ಈ ಎಂಒಟಿ ಅಂದ್ರೆ ನಮ್ಮ ಕಡೆ ಎಫ್‌ಸಿ ಇದ್ದ ಹಾಗೆ, ಇಲ್ಲಿ ವರ್ಷಕ್ಕೊಂದ್ಸಲ ಮಾಡಿಸ್ಬೇಕು. 2018ರ ಮೇ ತಿಂಗಳಿಂದ ನಲವತ್ತು ವರ್ಷ ದಾಟಿದ, ದೊಡ್ಡ ಬದಲಾವಣೆ ಮಾಡದೇ ಇರೋ ಗಾಡಿಗಳಿಗೆ ಅದು ಕಡ್ಡಾಯ ಅಲ್ಲ ಅಂತಾಯ್ತು. ನಾನು ಅದನ್ನ ಲಾಭ ಅಂದ್ಕೊಂಡೆ. ಆದ್ರೆ ಟೆಸ್ಟ್ ಬೇಡ ಅಂದ್ರೆ ಗಾಡಿ ಸರಿಯಾಗಿದೆ ಅಂತ ಅರ್ಥ ಅಲ್ಲ, ಯಾರೂ ನೋಡಿಲ್ಲ ಅಂತ ಅರ್ಥ! ರೋಡಿಗೆ ಇಳಿಸೋ ಹಾಗೆ ಇಟ್ಕೊಳೋ ಜವಾಬ್ದಾರಿ ಓನರ್ ತಲೆ ಮೇಲೇ ಇರುತ್ತೆ, ಅಪಾಯದ ಸ್ಥಿತೀಲಿ ಓಡಿಸಿ ಸಿಕ್ಕಿಬಿದ್ರೆ 2,500 ಪೌಂಡ್ ತನಕ ದಂಡ, ಲೈಸೆನ್ಸ್ ಮೇಲೆ 3 ಪಾಯಿಂಟು, ಗಾಡಿ ಓಡಿಸೋದನ್ನೇ ನಿಷೇಧ ಮಾಡಬಹುದು.

ಕೂಗಿದ ದಿನ ನಾನು 5,500 ಪೌಂಡ್ ದಾಟಲ್ಲ ಅಂತ ಹೆಂಡ್ತಿಗೆ ಮಾತು ಕೊಟ್ಟು ಕೂತಿದ್ದೆ. ಯಾರೋ ಒಬ್ರು ಎದುರಿಗೆ ಏರಿಸ್ತಾನೇ ಹೋದ್ರು, ನೂರು ನೂರು ಅಲ್ವಾ, ಇನ್ನೊಂದು ನೂರು ಅಂತ ಅಂದ್ಕೊಂಡು 6,400ಕ್ಕೆ ನಿಂತೆ. ಅದರ ಮೇಲೆ ಕೊಳ್ಳೋರ ಪ್ರೀಮಿಯಂ ಅಂತ ಹರಾಜಿನೋರ ಕಮಿಷನ್ 12.5 ಪರ್ಸೆಂಟ್, 800 ಪೌಂಡು, ಆ ಪ್ರೀಮಿಯಂ ಮೇಲೆ ವ್ಯಾಟ್ 160, ಒಟ್ಟು 7,360 ಆಯ್ತು, ಲಾರೀಲಿ ಮನೆಗೆ ತರಿಸೋಕೆ ಇನ್ನೊಂದು 240. ಅಂದ್ರೆ ಕೂಗೋ ಮೊದಲೇ ಇದನ್ನೆಲ್ಲಾ ಕಳೆದು ನಿಮ್ಮ ಮಿತಿ ಹಾಕ್ಕೊಳಿ, ಸ್ಕ್ರೀನ್ ಮೇಲೆ ಕಾಣೋ ನಂಬರು ನೀವು ಕೊಡೋ ನಂಬರಲ್ಲ.

ಗುರುವಾರ ಗಾಡಿ ಬಂತು. ಅಪ್ಪ ಬಾನೆಟ್ ಮೇಲೆ ಕೈ ಸವರಿ ಒಂದು ನಿಮಿಷ ಸುಮ್ನೆ ನಿಂತಿದ್ರು, ಕಣ್ಣಲ್ಲಿ ನೀರಿತ್ತು. ಭಾನುವಾರ ಒಂಬತ್ತು ಮೈಲಿ ದೂರದ ದೇವಸ್ಥಾನಕ್ಕೆ ಹೋದ್ವಿ. ವಾಪಸ್ ಬರ್ತಾ ಒಂದು ರೌಂಡ್‌ಅಬೌಟಲ್ಲಿ ತಿರುಗಿಸುವಾಗ ಮುಂದೆ ಎಡಗಡೆಯಿಂದ ಕಟ್ ಅಂತ ಒಂದು ಶಬ್ದ. ನನಗೆ ಅದು ಗಮನಕ್ಕೂ ಬರ್ಲಿಲ್ಲ, ಅಪ್ಪ ಮಾತ್ರ ಡ್ಯಾಶ್‌ಬೋರ್ಡ್ ಮೇಲೆ ಕೈ ಇಟ್ಟು, "ಮಗಾ, ನಿಧಾನ, ಮುಂದಿನ ಚಕ್ರದಲ್ಲಿ ಏನೋ ಲೂಸಿದೆ, ಇಪ್ಪತ್ತರ ಮೇಲೆ ಹೋಗ್ಬೇಡ" ಅಂದ್ರು. ಇಪ್ಪತ್ತರಲ್ಲೇ ಮನೆಗೆ ಬಂದ್ವಿ.

ಮಾರನೇ ದಿನ ಬೆಳಿಗ್ಗೆ ನಾನು ಕಾಫಿ ಹಿಡ್ಕೊಂಡು ಹೊರಗೆ ಬಂದಾಗ ಅಪ್ಪ ಗಾಡಿ ಹಿಂದೆ ಕುಕ್ಕರಗಾಲಲ್ಲಿ ಕೂತು, ತೆಂಗಿನಕಾಯಿ ನೋಡೋ ಹಾಗೆ ಬೆರಳ ಗೆಣ್ಣಲ್ಲಿ ಮರಾನ ತಟ್ತಿದ್ರು. ಮೇಲುಗಡೆ ಟಣ್ ಅಂತ ಗಟ್ಟಿ ಶಬ್ದ, ಕೆಳಗೆ ಚಕ್ರದ ಕಮಾನಿನ ಹತ್ರ ಬಂದ್ರೆ ದಬ್ ದಬ್. "ಇದು ಒಳಗೆ ಟೊಳ್ಳು ಕಣೋ" ಅಂದ್ರು. ಮನೆ ಕೀ ತಗೊಂಡು ಮೆಲ್ಲಗೆ ಒತ್ತಿದ್ರು, ವಾರ್ನಿಷ್ ಪದರ ಪಟ್ ಅಂತ ಒಡೆದು ಕೀ ಅರ್ಧ ಇಂಚು ಒಳಗೆ ಹೋಯ್ತು. ಹೊರಗೆ ತೆಗೆದ್ರೆ ಅದರ ತುದೀಲಿ ಕಪ್ಪು, ಒದ್ದೆ, ಗೆದ್ದಲು ತಿಂದ ಕಂಬದ ಪುಡಿ ತರ. ಕೊಳೆತ ಜಾಗಕ್ಕೆಲ್ಲ ಪುಟ್ಟಿ ತುಂಬಿ, ಅದರ ಮೇಲೆ ಬ್ರಶ್ಶಲ್ಲಿ ಮರದ ಗೆರೆ ಎಳೆದು, ವಾರ್ನಿಷ್ ಹೊಡೆದಿದ್ರು. ಎಷ್ಟು ಚೆನ್ನಾಗಿ ಎಳೆದಿದ್ರು ಅಂದ್ರೆ ಒಂದು ಅಡಿ ದೂರದಿಂದ ನೋಡಿದ್ರೂ ಗೊತ್ತಾಗ್ತಿರಲಿಲ್ಲ. ಇದನ್ನ ಯಾರೋ ಕೂತು ಗಂಟೆಗಟ್ಟಲೆ ಮಾಡಿದಾರೆ, ಗೊತ್ತಿದ್ದೂ ಮಾಡಿದಾರೆ, ನನಗೆ ಎಲ್ಲಕ್ಕಿಂತ ಸಂಕಟ ಆಗಿದ್ದು ಅದೇ.

ಹಳೇ ಗಾಡಿ ಗೊತ್ತಿರೋ ಮೆಕ್ಯಾನಿಕ್ ಒಬ್ಬರ ಹತ್ರ ಟೋ ಮಾಡಿಸ್ಕೊಂಡು ಹೋದೆ. ರ‍್ಯಾಂಪ್ ಮೇಲೆ ಎತ್ತಿ ಮೊದಲು ನೋಡಿದ್ದೇ ಮುಂದಿನ ಟ್ರನಿಯನ್. ಮೈನರ್‌ನಲ್ಲಿ ಚಕ್ರ ತಿರುಗಿಸೋ ಕಂಬ ಈ ಟ್ರನಿಯನ್ನಿಗೆ ಬೋಲ್ಟು ನಟ್ಟಿನ ತರ ಥ್ರೆಡ್‌ನಲ್ಲಿ, ಅಂದ್ರೆ ತಿರುಪಿನ ಗೆರೇಲಿ, ಕೂತಿರುತ್ತೆ, ಸ್ಟೀರಿಂಗ್ ತಿರುಗಿದಾಗೆಲ್ಲ ಆ ಥ್ರೆಡ್ ಉಜ್ಜುತ್ತೆ, ಅದಕ್ಕೆ ಬಿಡದೆ ಗ್ರೀಸ್ ಹೊಡೀತಿರ್ಬೇಕು. ಹೊಡೀದೇ ಇದ್ರೆ ಥ್ರೆಡ್ ಸವೆದು ಒಂದಿನ ಕಳಚ್ಕೊಳುತ್ತೆ, ಚಕ್ರ ಕಾರಿನ ಕೆಳಗೇ ಮಡಚ್ಕೊಂಡು ಗಾಡಿ ಮೂತಿ ನೆಲಕ್ಕೆ ಬೀಳುತ್ತೆ. ನಂದು ಎಡಗಡೇದು ಬಹುತೇಕ ಸವೆದೇ ಹೋಗಿತ್ತು. ಅವರು ಚಕ್ರಾನ ಎರಡೂ ಕೈಯಲ್ಲಿ ಹಿಡಿದು ಅಲ್ಲಾಡಿಸಿ ತೋರಿಸಿದ್ರು, ಹಲ್ಲು ಅಲ್ಲಾಡ್ದಂಗೆ ಅಲ್ಲಾಡ್ತಿತ್ತು. ಆಮೇಲೆ ಹಿಂದೆ ಲೀಫ್ ಸ್ಪ್ರಿಂಗ್ ಕೂರೋ ಜಾಗದಲ್ಲಿ ಅಂಡರ್‌ಸೀಲ್ ಕೆರೆದು ಸ್ಕ್ರೂಡ್ರೈವರ್ ಒತ್ತಿದ್ರೆ ತುಕ್ಕು ಚೂರು ಚೂರಾಗಿ ಉದುರಿತು. ಸಿಲ್‌ಗೆ, ಅಂದ್ರೆ ಬಾಗಿಲ ಕೆಳಗಿನ ಪಟ್ಟಿಗೆ, ಮ್ಯಾಗ್ನೆಟ್ ಹಿಡಿದ್ರೆ ಅರ್ಧ ಉದ್ದಕ್ಕೂ ಅಂಟಲೇ ಇಲ್ಲ, ಅಲ್ಲೂ ಪುಟ್ಟಿ. ಮರ, ವೆಲ್ಡಿಂಗು, ಸಸ್ಪೆನ್ಶನ್ನು ಎಲ್ಲಾ ಸೇರಿ ಎಸ್ಟಿಮೇಟ್ 11,400 ಪೌಂಡ್.

ಅವತ್ತು ರಾತ್ರಿ ಗವರ್ಮೆಂಟ್ ವೆಬ್‌ಸೈಟಲ್ಲಿ ಗಾಡಿ ನಂಬರ್ ಹಾಕಿ ಹಳೇ ಎಂಒಟಿ ನೋಡಿದೆ. ಫ್ರೀಯಾಗಿ ಯಾರು ಬೇಕಾದ್ರೂ ನೋಡಬಹುದು, ಎರಡು ನಿಮಿಷದ ಕೆಲಸ. ಕೊನೇ ಟೆಸ್ಟ್ 2017ರಲ್ಲಿ, ಫೇಲ್. ಎಡಗಡೆ ಸಿಲ್ ತುಕ್ಕು, ಹಿಂದಿನ ಮರದ ಚೌಕಟ್ಟು ಕೊಳೆತಿದೆ, ಎಲ್ಲಾ ಅಚ್ಚು ಹಾಕಿದಂಗೆ ಬರೆದಿದೆ. ಆಮೇಲೆ ಪಾಸ್ ಆಗಿದ್ದೇ ಇಲ್ಲ. ಮಾರನೇ ವರ್ಷ ರೂಲ್ ಬದಲಾಯ್ತು, ಫೇಲ್ ಆಗಿದ್ದ ಗಾಡಿ "ಎಂಒಟಿ ಬೇಕಾಗಿಲ್ಲ" ಅನ್ನೋ ಗಾಡಿ ಆಯ್ತು. ಕೂಗೋಕೆ ಮುಂಚೆ ನಾನು ಈ ಎರಡು ನಿಮಿಷ ಖರ್ಚು ಮಾಡಿದ್ರೆ ಸಾಕಿತ್ತು.

ಹರಾಜಿನೋರಿಗೆ ಫೋಟೋ ಸಮೇತ ಬರೆದೆ. ಇದ್ದ ಸ್ಥಿತೀಲಿ ಮಾರಿದ್ದು, ಹಿಂದಿನ ದಿನ ಬಂದು ನೋಡೋಕೆ ಅವಕಾಶ ಇತ್ತು, ಅಷ್ಟೇ ಉತ್ತರ. ಕಾನೂನಾದ್ರೂ ಇದೆಯಲ್ಲ ಅಂದ್ಕೊಂಡಿದ್ದೆ, ವಿಚಾರಿಸಿದ್ರೆ 2015ರ ಕನ್ಸ್ಯೂಮರ್ ರೈಟ್ಸ್ ಆ್ಯಕ್ಟ್‌ನಲ್ಲಿ ಇದಕ್ಕೇ ಒಂದು ಹೊರತು ಇದೆ, ಜನ ಖುದ್ದಾಗಿ ಬಂದು ಭಾಗವಹಿಸಬಹುದಾದ ಬಹಿರಂಗ ಹರಾಜಲ್ಲಿ ಸೆಕೆಂಡ್‌ಹ್ಯಾಂಡ್ ಸಾಮಾನು ತಗೊಂಡೋರನ್ನ ಆ ಕಾನೂನು ಗ್ರಾಹಕ ಅಂತ ಲೆಕ್ಕಕ್ಕೆ ತಗೊಳಲ್ಲ. ಡೀಲರ್ ಹತ್ರ ತಗೊಂಡಿದ್ರೆ ಸಿಗ್ತಿದ್ದ ರಕ್ಷಣೆ ಇಲ್ಲಿ ಸಿಗಲ್ಲ. ನಾನು ಮನೇಲಿ ಕೂತು ಕೂಗಿದ್ದೆ, ಆದ್ರೆ ಹಾಲ್ ಬಾಗಿಲು ಎಲ್ಲರಿಗೂ ತೆಗೆದೇ ಇತ್ತು.

ಹಾಗಾಗಿ ಕೂಗೋ ಮೊದಲು ಖುದ್ದಾಗಿ ಹೋಗಿ, ಹೋಗೋಕಾಗ್ಲಿಲ್ಲ ಅಂದ್ರೆ ಬಿಟ್ಟುಬಿಡಿ. ಹಳೇ ಬಟ್ಟೆ ಹಾಕ್ಕೊಂಡು ಹೋಗಿ ನೆಲದ ಮೇಲೆ ಮಲಗಿ ಟಾರ್ಚ್ ಬಿಟ್ಟು ನೋಡಿ. ತೆಳುವಾದ ಮ್ಯಾಗ್ನೆಟ್ ಒಂದು ಜೇಬಲ್ಲಿರ್ಲಿ, ಪೇಂಟ್ ಗೀರದಂಗೆ ಬಟ್ಟೆ ಸುತ್ತಿ. ಟ್ರಾವೆಲರ್ ಆದ್ರೆ ಮರದ ಕೀಲುಗಳು, ಕಿಟಕಿ ಗಾಜು ಜಾರೋ ಕಾಲುವೆ, ಹಿಂದಿನ ಚಕ್ರದ ಮೇಲಿನ ಬಾಗಿದ ತುಂಡು, ಇಲ್ಲೇ ನೀರು ನಿಲ್ಲೋದು, ಕಪ್ಪು ಕಲೆ ಕಂಡ್ರೆ ಅನುಮಾನ ಪಡಿ. ಹೊಸ ಅಂಡರ್‌ಸೀಲ್ ಕಂಡ್ರೆ ಇನ್ನೂ ಜಾಸ್ತಿ ಅನುಮಾನ ಪಡಿ. ಟ್ರನಿಯನ್‌ಗೆ ಗ್ರೀಸ್ ಹೊಡೆಯೋ ನಿಪ್ಪಲ್ ಸುತ್ತ ಹೊಸ ಗ್ರೀಸ್ ಇದೆಯಾ, ಒಣಗಿ ಧೂಳು ಕೂತಿದೆಯಾ ನೋಡಿ. ಮೋರಿಸ್ ಮೈನರ್ ಓನರ್ಸ್ ಕ್ಲಬ್ಬಿಗೆ ಬೇರೆ ಬೇರೆ ಊರಲ್ಲಿ ಬ್ರಾಂಚಿವೆ, ನನಗೆ ಸಿಕ್ಕ ಇಬ್ಬರು ಹಿರಿಯರು ಎಷ್ಟು ಪ್ರೀತಿಯಿಂದ ಎಲ್ಲಾ ಹೇಳ್ಕೊಟ್ರು ಅಂದ್ರೆ ಮೊದಲೇ ಅವರ ಹತ್ರ ಹೋಗಿದ್ರೆ ಈ ಗಾಡಿ ಮುಟ್ಟೋಕೂ ಬಿಡ್ತಿರಲಿಲ್ಲ. ತಗೊಂಡ ಮೇಲೂ ಕಡ್ಡಾಯ ಇಲ್ಲ ಅಂತ ಬಿಡ್ಬೇಡಿ, ನಾವೇ ಕೇಳಿ ಎಂಒಟಿ ಮಾಡಿಸಬಹುದು, ಮಾಡಿಸಿ, ಆಮೇಲೆ ಮನೆಯೋರನ್ನ ಕೂರಿಸಿ.

ಅಪ್ಪ ಊರಿಗೆ ವಾಪಸ್ ಹೋದ್ರು, ಕೌಲಿಗೆ ಬಸ್ಸಲ್ಲೇ ಹೋಗಿಬಂದ್ವಿ. ಗಾಡಿ ಮಾರೋಕೆ ಮನಸ್ಸು ಬರ್ಲಿಲ್ಲ, ಮುಚ್ಚಿಟ್ಟು ಇನ್ನೊಬ್ಬರ ತಲೆಗೆ ಕಟ್ಟೋದು ಆಗದ ಕೆಲಸ, ನಿಜ ಹೇಳಿದ್ರೆ ಯಾರೂ ತಗೊಳಲ್ಲ. ಟ್ರನಿಯನ್ ಎರಡೂ ಹೊಸದು ಹಾಕಿಸಿದೀನಿ, ಎಡಗಡೆ ಮರ ಬದಲಾಗಿದೆ, ಬಲಗಡೇದು ದುಡ್ಡು ಕೂಡಿದ ಮೇಲೆ. ವಾರ ವಾರ ವಿಡಿಯೋ ಕಾಲಲ್ಲಿ ಅಪ್ಪ ಮೊದಲು ಕೇಳೋದೇ "ಗ್ರೀಸ್ ಹೊಡೆದ್ಯಾ?" ಅಂತ. ಮಿಡ್‌ಲ್ಯಾಂಡ್ಸ್ ಕಡೆ ಯಾರಾದ್ರೂ ಮೈನರ್ ನೋಡೋಕೆ ಹೋಗ್ತಿದ್ರೆ ನನಗೊಂದು ಮೆಸೇಜ್ ಹಾಕಿ, ಶನಿವಾರ ಆದ್ರೆ ಟಾರ್ಚು ಮ್ಯಾಗ್ನೆಟ್ ತಗೊಂಡು ನಾನೇ ಜೊತೆಗೆ ಬರ್ತೀನಿ.